ಹೆಡ್‌ಫೋನ್‌ನಲ್ಲಿ ಚಂದ, ಸ್ಟೇಜಿನಲ್ಲಿ ಕಿವಿ ಚುಚ್ಚುತ್ತೆ: ಮಾಡೆಲರ್ ಟೋನ್ ಸರಿ ಮಾಡೋದು ಹೇಗೆ?

ಕೋಡಿಬಾಗ ಸ್ಟ್ರಾಟ್ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಮದುವೆ ರಿಸೆಪ್ಶನ್, ಗಣೇಶೋತ್ಸವ, ಚರ್ಚ್ ಫೆಸ್ತ್, ಸೀಸನ್‌ನಲ್ಲಿ ಕಾಣಕೋಣದ ಕಡೆ ಬೀಚ್ ಪಕ್ಕದ ಹೋಟೆಲ್‌ಗಳು. ಹಳೇ ಕನ್ನಡ ಹಾಡು, ಹಿಂದಿ, ಕೊಂಕಣಿ, ಕೊನೆಗೆ ಹುಡುಗರು ಕುಣಿಯೋಕೆ ಒಂದಿಷ್ಟು ರಾಕ್.

ಆಂಪ್ ಹೊತ್ತು ಓಡಾಡಿ ಸಾಕಾಗಿ ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ಅನ್ನೋ ಮಾಡೆಲರ್ ತಗೊಂಡೆ, ಅಂದರೆ ಆಂಪ್, ಸ್ಪೀಕರ್, ಎಫೆಕ್ಟ್ ಎಲ್ಲವನ್ನೂ ಡಿಜಿಟಲ್ ಆಗಿ ಅನುಕರಿಸುವ ಪುಟ್ಟ ಪೆಟ್ಟಿಗೆ. ಮಡಗಾಂವ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಪೆಟ್ಟಿಗೆ ಚೆನ್ನಾಗೇ ಇದೆ. ರಾತ್ರಿ ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ನುಡಿಸಿದರೆ ಏನು ಸುಖ ಅಂತೀರಿ! ಅದೇ ಪ್ಯಾಚ್ (ಸೇವ್ ಮಾಡಿಟ್ಟ ಸೆಟ್ಟಿಂಗ್) ಕಲ್ಯಾಣ ಮಂಟಪದ ಪಿಎಗೆ, ಅಂದರೆ ಹಾಲ್‌ನ ದೊಡ್ಡ ಸ್ಪೀಕರ್‌ಗಳಿಗೆ ಹೋದ ತಕ್ಷಣ ಮೇಲೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ, ಕೆಳಗೆ ಬರೀ ಗುಡುಗುಡು. ಕೀಬೋರ್ಡ್, ರಿದಂ ಪ್ಯಾಡ್ ಎರಡೂ ಶುರುವಾದರೆ ಗಿಟಾರ್ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ. ವಾಲ್ಯೂಮ್ ಏರಿಸಿದರೆ ಚುಚ್ಚುತ್ತೆ, ಇಳಿಸಿದರೆ ಮಾಯ.

ಸದ್ಯದ ಸೆಟ್ಟಿಂಗ್: ಬ್ರಿಟ್ 2204 ಅನ್ನೋ ಆಂಪ್ ಮಾಡೆಲ್, ಡ್ರೈವ್ (ಗೇನ್, ಸೌಂಡ್ ಎಷ್ಟು ಒಡೆಯಬೇಕು ಅನ್ನೋದು) 7.5, ಬಾಸ್ 7, ಮಿಡ್ 3, ಟ್ರೆಬಲ್ 6.5, ಪ್ರೆಸೆನ್ಸ್ 6. ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ಮಾಡೆಲ್) 4x12 ಗ್ರೀನ್‌ಬ್ಯಾಕ್ 25, ಅದರ ಮುಂದಿನ ಮೈಕ್ ಮಾಡೆಲ್ 57 ಡೈನಾಮಿಕ್, 1 ಇಂಚು ದೂರ. ಕ್ಯಾಬ್‌ನಲ್ಲಿ ಲೋ ಕಟ್ (ಕೆಳಗಿನ ಫ್ರೀಕ್ವೆನ್ಸಿ ಕತ್ತರಿಸೋದು), ಹೈ ಕಟ್ (ಮೇಲಿನದು ಕತ್ತರಿಸೋದು) ಎರಡೂ ಆಫ್. ಆಮೇಲೆ ಸ್ಟೀರಿಯೋ ಡಿಲೇ, ರಿವರ್ಬ್. ಗಿಟಾರ್ ಸ್ಟ್ರಾಟ್ ಥರದ್ದೇ, ಬ್ರಿಜ್‌ನಲ್ಲಿ ಹಂಬಕರ್ (ಎರಡು ಕಾಯಿಲ್‌ನ ಪಿಕಪ್) ಇದೆ.

ನಮ್ಮ ಕೀಬೋರ್ಡ್‌ನವನು "ಡಿಜಿಟಲ್ ಅಂದ್ರೆ ಇಷ್ಟೇ ಮಾರಾಯ" ಅಂತಾನೆ. ಯೂಟ್ಯೂಬ್‌ನಲ್ಲಿ ನೋಡಿದರೆ ಎಲ್ಲರೂ "ಐಆರ್ ಪ್ಯಾಕ್ ತಗೊಳ್ಳಿ, ಬದುಕೇ ಬದಲಾಗುತ್ತೆ" ಅಂತಾರೆ. ಐಆರ್ ಅಂದರೆ ಇಂಪಲ್ಸ್ ರೆಸ್ಪಾನ್ಸ್, ಕ್ಯಾಬ್ ಬದಲು ಹಾಕುವ ಫೈಲ್. ಅದಕ್ಕೆ ದುಡ್ಡು ಹಾಕಬೇಕಾ? ಅಥವಾ ಇದರಲ್ಲೇ ಏನಾದರೂ ಮಾಡಬಹುದಾ? ಇನ್ನೊಂದು, ಕೆಲವು ಹಾಲ್‌ಗಳಲ್ಲಿ ಜೋರಾಗಿ ಹಮ್ (ಕರೆಂಟಿನ ಗುಂಯ್ ಶಬ್ದ) ಬರುತ್ತೆ, ಕೆಲವು ಕಡೆ ಇಲ್ಲ. ಅದು ಯಾಕೆ?

ಕುಮಟಾ ಮಿಕ್ಸರ್

ಮೊದಲೇ ಹೇಳಿಬಿಡುತ್ತೇನೆ, ನಾನು ಗಿಟಾರ್ ನುಡಿಸುವವನಲ್ಲ. ಕುಮಟಾ, ಹೊನ್ನಾವರ ಕಡೆ ಸೌಂಡ್ ಹಾಕುವವನು. ಆರ್ಕೆಸ್ಟ್ರಾ, ಯಕ್ಷಗಾನ, ಶಾಲೆಯ ಗ್ಯಾದರಿಂಗ್ ಎಲ್ಲ ಮಾಡುತ್ತೇನೆ. ಗಿಟಾರ್‌ನವರು ಈ ಪುಟ್ಟ ಪೆಟ್ಟಿಗೆ ಹಿಡಿದು ಬಂದು, "ಅಣ್ಣ, ಇಕ್ಯೂ ಫ್ಲಾಟ್ ಇಡು, ಬಾಸ್ ಟ್ರೆಬಲ್ ಏನೂ ಮುಟ್ಟಬೇಡ, ಟೋನ್ ಎಲ್ಲ ಇದರಲ್ಲೇ ಇದೆ" ಅಂತಾರೆ. ಇಡುತ್ತೇನೆ. ಮೊದಲ ಸಾಲಿನಲ್ಲಿ ಕೂತ ಅಜ್ಜಿ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಾಳೆ. ಆಮೇಲೆ ನಾನು 3 ಕಿಲೋಹರ್ಟ್ಸ್ ಆಸುಪಾಸು ಕೊಯ್ದು ಹಾಕುತ್ತೇನೆ. ಆಗ ಗಿಟಾರ್‌ನವನಿಗೆ ಬೇಜಾರು.

ನಿಮ್ಮ ಪೆಟ್ಟಿಗೆಗೆ ಏನೂ ಆಗಿಲ್ಲ. ನೀವು ಟೋನ್ ಮಾಡಿದ ಜಾಗ ಬೇರೆ, ಅದು ಕೇಳುವ ಜಾಗ ಬೇರೆ.

ರಾತ್ರಿ ಸಣ್ಣ ಸೌಂಡಿನಲ್ಲಿ ಕೇಳುವಾಗ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತೆ, ತುದಿಯ ಟ್ರೆಬಲ್ ಕೂಡ ಸ್ವಲ್ಪ ಕಡಿಮೆ. ಮಿಡ್ ಮಾತ್ರ ಚೆನ್ನಾಗಿ ಕೇಳುತ್ತೆ. ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಹಾಕಿದ್ದಾರೆ. ನೀವು ಏನು ಮಾಡಿದಿರಿ? ಕಿವಿಗೆ ಕಡಿಮೆ ಕೇಳಿದ ಬಾಸ್‌ಅನ್ನು 7ಕ್ಕೆ, ಟ್ರೆಬಲ್ 6.5ಕ್ಕೆ ಏರಿಸಿದಿರಿ. ಜಾಸ್ತಿ ಕೇಳಿದ ಮಿಡ್‌ಅನ್ನು 3ಕ್ಕೆ ಇಳಿಸಿದಿರಿ. ಆ ಸೌಂಡಿಗೆ ಅದು ಸರಿಯೇ. ಹಾಲ್‌ನಲ್ಲಿ ಜೋರಾಗಿ ಹಾಕಿದಾಗ ಕಿವಿ ಬಾಸ್, ಟ್ರೆಬಲ್ ಎಲ್ಲವನ್ನೂ ಪೂರ್ತಿ ಕೇಳಿಸಿಕೊಳ್ಳುತ್ತೆ. ನೀವು ಏರಿಸಿದ್ದು ಹಾಗೇ ನಿಂತಿರುತ್ತೆ. ಅದೇ ನಿಮ್ಮ ಸೊಳ್ಳೆ, ಅದೇ ನಿಮ್ಮ ಗುಡುಗುಡು.

ಗಿಟಾರ್ ಮಾಯ ಆಗೋದಕ್ಕೂ ಕಾರಣ ಇದರಲ್ಲೇ ಇದೆ. ಗಿಟಾರ್‌ನ ದಪ್ಪ ತಂತಿ ಖಾಲಿ ಬಿಟ್ಟರೆ 82 ಹರ್ಟ್ಸ್. ಬಾಸ್ ಗಿಟಾರ್‌ದು 41. ನಿಮ್ಮ ಬ್ಯಾಂಡ್‌ನಲ್ಲಿ ಬಾಸ್ ಇದೆ, ಇಲ್ಲದಿದ್ದರೆ ಕೀಬೋರ್ಡ್‌ನವನ ಎಡಗೈ ಇದೆ, ಜೊತೆಗೆ ಪ್ಯಾಡ್‌ನ ಕಿಕ್. 100 ಹರ್ಟ್ಸ್ ಕೆಳಗೆ ನಿಮಗೆ ಜಾಗವೇ ಇಲ್ಲ. ಮೇಲೆ ಸಿಂಬಲ್, ಹಾಡುವವರ "ಸ", "ಶ". ಗಿಟಾರ್ ಬದುಕೋದು ನಡುವಿನಲ್ಲಿ, ಸುಮಾರು 400 ಹರ್ಟ್ಸ್‌ನಿಂದ 3 ಕಿಲೋಹರ್ಟ್ಸ್‌ವರೆಗೆ. ಆ ಜಾಗವನ್ನೇ ನೀವು 3ಕ್ಕೆ ಇಳಿಸಿದ್ದೀರಿ. ಯಕ್ಷಗಾನದಲ್ಲಿ ಚಂಡೆ ಏರಿದಾಗಲೂ ಭಾಗವತರ ಪದ ಸಭೆಯ ಹಿಂದಿನವರೆಗೆ ಮುಟ್ಟಬೇಕು ಅಂದರೆ ನಾನು ಅವರ ಬಾಸ್ ತೆಗೆಯುತ್ತೇನೆ, ಮಿಡ್ ಮುಟ್ಟುವುದಿಲ್ಲ. ವಾಲ್ಯೂಮ್ ಏರಿಸುವುದು ಕೊನೆಯ ಉಪಾಯ.

ಇನ್ನು ಸ್ಪೀಕರ್. ನಿಮ್ಮ ಹಳೇ ಆಂಪ್‌ನಲ್ಲಿ ಇದ್ದದ್ದು ಟ್ವೀಟರ್ ಇಲ್ಲದ 12 ಇಂಚಿನ ಸ್ಪೀಕರ್ ಅಲ್ವಾ? ಅಂಥ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ದಡಕ್ಕನೆ ಇಳಿಯುತ್ತೆ. ಡಿಸ್ಟಾರ್ಶನ್‌ನ ಕೆಟ್ಟ ಜುಯ್ ಶಬ್ದವನ್ನು ಅದು ಹೊರಗೇ ಬಿಡೋದಿಲ್ಲ. ನನ್ನ ಪಿಎ ಬಾಕ್ಸ್‌ನಲ್ಲಿ ಹಾರ್ನ್ ಇದೆ. ಅದಕ್ಕೆ ಏನು ಕೊಟ್ಟರೂ 15 ಕಿಲೋಹರ್ಟ್ಸ್‌ವರೆಗೆ ನಿಯತ್ತಾಗಿ ಹೊರಗೆ ಹಾಕುತ್ತೆ. ಅದಕ್ಕೇ ಕ್ಯಾಬ್‌ನಲ್ಲಿರುವ ಆ ಎರಡು ಕಟ್. ಲೋ ಕಟ್ 100, ಹೈ ಕಟ್ 6 ಕಿಲೋಹರ್ಟ್ಸ್ ಇಟ್ಟು ಶುರು ಮಾಡಿ. ಬಾಸ್ 4, ಮಿಡ್ 6, ಟ್ರೆಬಲ್ 5. ಮನೆಯಲ್ಲಿ ಒಬ್ಬರೇ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗೆ ಅನ್ನಿಸುತ್ತೆ. ಹೆದರಬೇಡಿ, ಬ್ಯಾಂಡ್ ಜೊತೆ ಕೇಳಿ.

ಸ್ಟಾಂಪ್‌ನಲ್ಲಿ ಲೂಪರ್ ಬ್ಲಾಕ್ ಇದೆ. ಅದನ್ನು ಸರಣಿಯಲ್ಲಿ ಎಲ್ಲಕ್ಕಿಂತ ಮೊದಲು ಇಡಿ, ಆಂಪ್‌ಗಿಂತ ಮುಂಚೆ. ಸೌಂಡ್ ಚೆಕ್‌ಗೆ ಹೋದಾಗ ಒಂದು ಸಾಲು ನುಡಿಸಿ ಅದರಲ್ಲಿ ರೆಕಾರ್ಡ್ ಮಾಡಿ, ತಿರುಗಲು ಬಿಡಿ. ಮೊದಲಿಗೆ ಇಟ್ಟಿದ್ದರಿಂದ ಬರೀ ಗಿಟಾರ್‌ನ ಹಸಿ ಸೌಂಡ್ ರೆಕಾರ್ಡ್ ಆಗಿರುತ್ತೆ. ಆಂಪ್, ಕ್ಯಾಬ್ ಏನು ತಿರುಗಿಸಿದರೂ ಆಗಲೇ ಕೇಳುತ್ತೆ. ಗಿಟಾರ್ ಕೆಳಗಿಟ್ಟು ಕುರ್ಚಿಗಳ ಮಧ್ಯಕ್ಕೆ ನಡೆದು ಬನ್ನಿ. ಅಲ್ಲಿ ನಿಂತು ಕೇಳಿ, ವಾಪಸ್ ಹೋಗಿ ನಾಬ್ ತಿರುಗಿಸಿ. ಗಿಟಾರ್‌ನವರಲ್ಲಿ ಎಷ್ಟೋ ಜನ ತಮ್ಮ ಟೋನ್‌ಅನ್ನು ಜನ ಕೂರುವ ಜಾಗದಿಂದ ಒಂದು ಸಲವೂ ಕೇಳಿರುವುದಿಲ್ಲ. ನಾನು ಮಾತ್ರ ಪ್ರತಿ ಸಲ ಕೇಳಬೇಕು.

ಸ್ಟೀರಿಯೋ ಡಿಲೇ ಬಿಡಿ. ನಮ್ಮ ಕಡೆ ಮದುವೆ ಹಾಲ್‌ನಲ್ಲಿ ಪಿಎ ಬಹುಪಾಲು ಮೋನೋ. ಅಗಲ ಮಾಡುವ ಎಫೆಕ್ಟ್‌ಗಳನ್ನು ಮೋನೋಗೆ ಕೂಡಿಸಿದರೆ ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ತಿಂದು ಹಾಕಿ ಸೌಂಡ್ ತೆಳುವಾಗುತ್ತೆ. ಮೋನೋ ಡಿಲೇ ಹಾಕಿ. ರಿವರ್ಬ್ ಅರ್ಧಕ್ಕೆ ಇಳಿಸಿ, ಟೈಲ್ಸ್ ಹಾಕಿದ ಹಾಲ್‌ನಲ್ಲಿ ಅದು ಪುಕ್ಕಟೆ ಸಿಗುತ್ತೆ.

ಶಿರಸಿ ವಾಲ್ವ್

ಕುಮಟಾದವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪಿದೆ. ಆದರೆ ತಮಾ, ಹೈ ಕಟ್‌ಅನ್ನು ಸೀದಾ ಕೊಡಲಿ ಬೀಸಿದ ಹಾಗೆ ಬೀಸಬೇಡ. 5ಕ್ಕೆ ಇಳಿಸಿ, 4.5ಕ್ಕೆ ಇಳಿಸಿ ಅಂತ ಹೋಗುವವರನ್ನು ನೋಡಿದ್ದೇನೆ. ಚುಚ್ಚೋದು ನಿಲ್ಲುತ್ತೆ, ಜೊತೆಗೆ ಗಿಟಾರ್‌ನ ಜೀವವೂ ಹೋಗುತ್ತೆ. ಪಿಕ್ ತಂತಿಗೆ ತಾಗಿದ ಶಬ್ದವೇ ಕೇಳಲ್ಲ.

ಮೊದಲು ಮೈಕ್ ಸರಿಸು. 57 ಡೈನಾಮಿಕ್ ಅಂದರೆ ಶೂರ್ ಎಸ್‌ಎಂ57. 1965ರಿಂದ ಬರುತ್ತಿರುವ ಮೈಕ್. 5, 6 ಕಿಲೋಹರ್ಟ್ಸ್ ಸುತ್ತ ಅದಕ್ಕೆ ಸಹಜವಾಗೇ ಒಂದು ಉಬ್ಬು ಇದೆ. ಅದನ್ನು ಕೋನ್‌ನ ನಟ್ಟನಡುವೆ 1 ಇಂಚಿನಲ್ಲಿ ಇಟ್ಟರೆ ಚುಚ್ಚದೆ ಇನ್ನೇನು ಮಾಡುತ್ತೆ? ಸ್ಪೀಕರ್‌ನ ನಡುಭಾಗ ಪ್ರಖರ, ಅಂಚಿಗೆ ಹೋದಂತೆ ಮೆತ್ತಗೆ. ನಿಜವಾದ ಸ್ಟುಡಿಯೋದಲ್ಲೂ ಇಕ್ಯೂ ಮುಟ್ಟುವ ಮೊದಲು ಮೈಕ್‌ಅನ್ನೇ ಬೆರಳಿನಷ್ಟು ಸರಿಸಿ ನೋಡುತ್ತಾರೆ. 2022ರ ಕೊನೆಗೆ ಬಂದ 3.50 ಫರ್ಮ್‌ವೇರ್‌ನಿಂದ ಸ್ಟಾಂಪ್‌ನ ಕ್ಯಾಬ್‌ಗಳಲ್ಲಿ ಮೈಕ್‌ಅನ್ನು ನಡುವಿನಿಂದ ಅಂಚಿಗೆ ಸರಿಸಬಹುದು, ಓರೆಯಾಗಿಯೂ ಇಡಬಹುದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀಯಲ್ಲ, ಯಾವ ಫರ್ಮ್‌ವೇರ್ ಇದೆ ಅಂತ ಮೊದಲು ನೋಡು. ಹಳೇದಿದ್ದರೆ ಪ್ಯಾಚ್‌ಗಳ ಬ್ಯಾಕಪ್ ತೆಗೆದು ಅಪ್‌ಡೇಟ್ ಮಾಡು. ಪುಕ್ಕಟೆ.

ಅಪ್‌ಡೇಟ್ ಆದ ಮೇಲೆ ಮೈಕ್ ಸ್ವಲ್ಪ ಅಂಚಿಗೆ ತಗೊಂಡು ಹೋಗು, 2, 3 ಇಂಚು ಹಿಂದೆ ಎಳೆ. ಇಲ್ಲದಿದ್ದರೆ 121 ರಿಬ್ಬನ್ ಹಾಕಿ ನೋಡು, ಅದು ಸ್ವಭಾವದಲ್ಲೇ ಮೆತ್ತಗಿನ ಮೈಕ್. ಅಷ್ಟಾದ ಮೇಲೆ ಹೈ ಕಟ್ 7, 8 ಕಿಲೋಹರ್ಟ್ಸ್‌ನಲ್ಲೇ ಸಾಕಾಗುತ್ತೆ.

ಎರಡನೇದು ಗೇನ್. 2204 ಅಂದರೆ ಮಾರ್ಷಲ್ ಜೆಸಿಎಂ800ರ ಮಾಡೆಲ್. ಅದಕ್ಕೆ 7.5 ಡ್ರೈವ್ ಯಾಕೆ? ಒಬ್ಬನೇ ನುಡಿಸುವಾಗ ಜಾಸ್ತಿ ಗೇನ್ ದಪ್ಪ ಅನ್ನಿಸುತ್ತೆ. ಗೇನ್ ಏರಿದಷ್ಟೂ ಸೌಂಡ್ ಒತ್ತಿ ಹೋಗುತ್ತೆ, ಸ್ಟ್ರಮ್‌ನ ಮೊದಲ ಪೆಟ್ಟು ಸಾಯುತ್ತೆ. ಬ್ಯಾಂಡ್‌ನಲ್ಲಿ ಗಿಟಾರ್ ಎದ್ದು ಕೇಳೋದು ಆ ಪೆಟ್ಟಿನಿಂದಲೇ. ಡ್ರೈವ್ 4.5 ಮಾಡು. ಮುಂದೆ ಒಂದು ಸ್ಕ್ರೀಮ್ 808 ಇಡು, ಅದು ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಪೆಡಲ್‌ನ ಮಾಡೆಲ್. ಅದರ ಡ್ರೈವ್ ಹತ್ತಿರ ಹತ್ತಿರ ಸೊನ್ನೆ, ಲೆವೆಲ್ ಮೇಲೆ. ಅದು ಡಿಸ್ಟಾರ್ಶನ್ ಆಗುವ ಮೊದಲೇ ಬಾಸ್ ಕಡಿಮೆ ಮಾಡಿ ಮಿಡ್ ತಳ್ಳುತ್ತೆ. ಹಂಬಕರ್‌ನ ಗುಡುಗುಡು ಅಲ್ಲೇ ಅರ್ಧ ಹೋಗುತ್ತೆ. ಕೆಳಗಿನ ಗೊಜ್ಜನ್ನು ಡಿಸ್ಟಾರ್ಶನ್ ಆದ ಮೇಲೆ ತೆಗೆಯೋದಕ್ಕೂ, ಮೊದಲೇ ಒಳಗೆ ಬಿಡದೆ ಇರೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಆಂಪ್ ಬ್ಲಾಕ್‌ನಲ್ಲಿ ಮಾಸ್ಟರ್ ಬೇರೆ, ಚಾನೆಲ್ ವಾಲ್ಯೂಮ್ ಬೇರೆ. ಮಾಸ್ಟರ್ ತಿರುಗಿಸಿದರೆ ಪವರ್ ಆಂಪ್ ಎಷ್ಟು ಬಿಸಿಯಾಗಿ ಓಡುತ್ತೆ ಅನ್ನೋದು ಬದಲಾಗುತ್ತೆ, ಅಂದರೆ ಟೋನೇ ಬದಲಾಗುತ್ತೆ. ಚಾನೆಲ್ ವಾಲ್ಯೂಮ್ ಬರೀ ಲೆವೆಲ್. ಪ್ಯಾಚ್‌ಗಳ ಸೌಂಡ್ ಸಮ ಮಾಡೋಕೆ ಯಾವಾಗಲೂ ಚಾನೆಲ್ ವಾಲ್ಯೂಮ್ ಬಳಸು.

ಕ್ಲೀನ್‌ಗೆ ಎಸೆಕ್ಸ್ ಎ30 ನೋಡಿದ್ದೀಯಾ? ಅದು ವಾಕ್ಸ್ ಎಸಿ30 ಆಂಪ್‌ನ ಮಾಡೆಲ್. ಹಳೇ ಹಾಡುಗಳ ಆರ್ಪೆಜಿಯೋಗೆ ಅದಕ್ಕಿಂತ ಚಂದದ್ದು ಬೇರೆ ಬೇಡ. ಒಂದು ಮಾತ್ರ ನೆನಪಿರಲಿ, ಅದರ ಕಟ್ ನಾಬ್ ಉಲ್ಟಾ. ಏರಿಸಿದಷ್ಟೂ ಟ್ರೆಬಲ್ ಕಡಿಮೆ. ಅಸಲಿ ಆಂಪ್‌ನಲ್ಲೂ ಹಾಗೇ, ಮಾಡೆಲ್ ಮಾಡಿದವರು ಅದನ್ನೇ ಇಟ್ಟಿದ್ದಾರೆ. ಹಾಗೇ ಫೆಂಡರ್ ಡಿಲಕ್ಸ್ ರಿವರ್ಬ್‌ನ ಅಸಲಿ ಪ್ಯಾನೆಲ್‌ನಲ್ಲಿ ಮಿಡ್ ನಾಬ್ ಇರಲೇ ಇಲ್ಲ. ಒಂದು ಆಂಪ್‌ನ 5 ಇನ್ನೊಂದರ 5 ಅಲ್ಲ. ಎಲ್ಲ ನಾಬ್ ನಡುವೆ ಇಟ್ಟರೆ ಫ್ಲಾಟ್ ಅನ್ನೋದು ಗಿಟಾರ್ ಆಂಪ್‌ನಲ್ಲಿ ಸುಳ್ಳು.

ಐಆರ್ ಬಗ್ಗೆ ಕೇಳಿದೆಯಲ್ಲ. ಒಂದು ಸ್ಪೀಕರ್, ಅದರ ಮುಂದೆ ಒಂದು ಮೈಕ್, ಒಂದು ಜಾಗದಲ್ಲಿ ಇಟ್ಟಾಗ ಯಾವ ಫ್ರೀಕ್ವೆನ್ಸಿ ಎಷ್ಟು ಬಂತು, ಎಷ್ಟು ಹೊತ್ತಿನಲ್ಲಿ ಅಡಗಿತು ಅನ್ನುವುದರ ದಾಖಲೆ ಅದು. ಅಷ್ಟೇ. ಅದರಲ್ಲಿ ಆಂಪ್‌ನ ಡಿಸ್ಟಾರ್ಶನ್ ಇಲ್ಲ, ಮಾಯಮಂತ್ರವೂ ಇಲ್ಲ. ಒಳ್ಳೆಯದು ಒಂದೋ ಎರಡೋ ಸಿಕ್ಕರೆ ಸಾಕು. ಪ್ಯಾಕ್ ತಗೊಂಡರೆ ನೂರಾರು ಫೈಲ್ ಬರುತ್ತೆ, ಅಡಿಕೆ ಸುಲಿದ ಹಾಗೆ ರಾತ್ರಿ ಪೂರ್ತಿ ಒಂದೊಂದೇ ತೆಗೆದು ನೋಡುತ್ತಾ ಕೂರುತ್ತೀಯ. ಆ ದುಡ್ಡಿಗೆ ತಂತಿ ತಗೋ.

ತಂತಿ ಅಂದೆ ಅಂತ ನಗಬೇಡ. ಕಾರವಾರದ ಉಪ್ಪುಗಾಳಿಗೆ ಸ್ಟ್ರಿಂಗ್ಸ್ ಬೇಗ ಮಂಕಾಗುತ್ತೆ. ಮಂಕು ತಂತಿಯ ಮೇಲೆ ಟೋನ್ ಮಾಡಿದರೆ ಟ್ರೆಬಲ್, ಪ್ರೆಸೆನ್ಸ್ ತಾನಾಗೇ ಮೇಲೆ ಹೋಗುತ್ತೆ. ಕಾರ್ಯಕ್ರಮದ ಹಿಂದಿನ ದಿನ ಹೊಸ ತಂತಿ ಹಾಕಿ, ಅದೇ ಪ್ಯಾಚ್ ಹಿಡಿದು ಸ್ಟೇಜ್ ಹತ್ತಿದರೆ? ಅದಕ್ಕೆ ಹೊಸ ತಂತಿ ಹಾಕಿದ ದಿನವೇ ಟೋನ್ ಮಾಡು. ಆಮೇಲೆ ಮಂಕಾದಂತೆ ಗಿಟಾರ್‌ನ ಟೋನ್ ನಾಬ್‌ನಿಂದ ಸರಿ ಮಾಡಿಕೊಳ್ಳೋಕೆ ಆಗಲಿ ಅಂತ ಅದನ್ನು 8ರಲ್ಲಿ ಇಟ್ಟುಕೊ.

ಕೋಡಿಬಾಗ ಸ್ಟ್ರಾಟ್ (ಕಾರವಾರ)

ಅಣ್ಣಂದಿರೇ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫರ್ಮ್‌ವೇರ್ ನೋಡಿದೆ, 3.50ಕ್ಕಿಂತ ಹಳೇದು. ಅಪ್‌ಡೇಟ್ ಮಾಡುತ್ತೇನೆ. ಭಾನುವಾರ ಮಾಜಾಳಿ ಹತ್ತಿರ ಒಂದು ರಿಸೆಪ್ಶನ್ ಇದೆ, ಸಂಜೆ ಬೇಗ ಹೋಗಿ ಲೂಪರ್ ಉಪಾಯ ಮಾಡಿ ನೋಡುತ್ತೇನೆ.

ಒಂದು ಅನುಮಾನ. ಕ್ಲೀನ್‌ನಿಂದ ಲೀಡ್‌ಗೆ ಹೋಗುವಾಗ ಒಂದು ಚೂರು ಗ್ಯಾಪ್ ಬರುತ್ತೆ, ಡಿಲೇ ಬಾಲವೂ ಕಟ್ ಆಗುತ್ತೆ. ಲೀಡ್ ಎಷ್ಟು ಜೋರು ಇಡಬೇಕು ಅನ್ನೋದೂ ಗೊತ್ತಾಗುತ್ತಿಲ್ಲ. ಆಮೇಲೆ ಹಮ್ ಪ್ರಶ್ನೆ ಹಾಗೇ ಉಳಿದಿದೆ.

ಶರಾವತಿ ದಂಡೆ (ಹೊನ್ನಾವರ)

ಹಮ್ ಬಗ್ಗೆ ನಾನು ಹೇಳುತ್ತೇನೆ. ಹೊಟ್ಟೆಪಾಡಿಗೆ ವೈರಿಂಗ್ ಕೆಲಸ, ಭಾನುವಾರ ಚರ್ಚ್ ಕ್ವಾಯರ್‌ನಲ್ಲಿ ಗಿಟಾರ್.

ಎರಡು ಬೇರೆ ಬೇರೆ ಶಬ್ದ ಇದೆ, ಮೊದಲು ಯಾವುದು ಅಂತ ನೋಡಿ. ಗಿಟಾರ್ ಹಿಡಿದು ನಿಂತಲ್ಲೇ ಸುತ್ತು ತಿರುಗಿ. ತಿರುಗಿದಂತೆ ಶಬ್ದ ಹೆಚ್ಚು ಕಡಿಮೆ ಆದರೆ ಅದು ಪಿಕಪ್ ಗಾಳಿಯಿಂದ ಹಿಡಿಯುತ್ತಿರುವುದು. ಸಿಂಗಲ್ ಕಾಯಿಲ್ ಪಿಕಪ್ ಆದರೆ ಪಕ್ಕದ ಟ್ರಾನ್ಸ್‌ಫಾರ್ಮರ್, ಡಿಮ್ಮರ್, ಮಂಟಪದ ಸೀರಿಯಲ್ ಸೆಟ್ ಲೈಟು ಎಲ್ಲದರ ಶಬ್ದವನ್ನೂ ಎಳೆದುಕೊಳ್ಳುತ್ತೆ. ಹಾಲ್‌ನಿಂದ ಹಾಲ್‌ಗೆ ಬದಲಾಗೋದು ಇದಕ್ಕೇ. ನೋಡಿ ಬೇಕಾದರೆ, ಅಲಂಕಾರ ಜಾಸ್ತಿ ಇದ್ದಷ್ಟೂ ಗಿಟಾರ್ ಜುಯ್ ಅನ್ನುತ್ತೆ. ಹಂಬಕರ್‌ಗೆ ಹೋಗಿ, ಇಲ್ಲವೇ ಸೆಲೆಕ್ಟರ್‌ಅನ್ನು 4ರಲ್ಲಿ, ಅಂದರೆ ನಡುವಿನ ಪಿಕಪ್ ಮತ್ತು ಕುತ್ತಿಗೆ ಕಡೆಯ ಪಿಕಪ್ ಎರಡೂ ಸೇರುವ ಜಾಗದಲ್ಲಿ ಇಡಿ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾಗಿದ್ದರೆ ಅಲ್ಲಿ ಹಮ್ ಬಹಳ ಕಡಿಮೆಯಾಗುತ್ತೆ. ನಾಯ್ಸ್ ಗೇಟ್ ಇದ್ದರೆ ನುಡಿಸದೆ ಇರುವಾಗ ಮಾತ್ರ ಉಪಯೋಗ. ಜಾಸ್ತಿ ಬಿಗಿ ಇಟ್ಟರೆ ನೋಟ್‌ಗಳ ಬಾಲ ಕತ್ತರಿಸುತ್ತೆ.

ತಿರುಗಿದರೂ ಶಬ್ದ ಬದಲಾಗದೆ ಒಂದೇ ಸಮ ದಪ್ಪಗೆ "ಮ್" ಅಂತಿದ್ದರೆ ಅದು ಅರ್ಥಿಂಗ್ ಕಥೆ. ನಿಮ್ಮ ಅಡಾಪ್ಟರ್ ಸ್ಟೇಜಿನ ಪ್ಲಗ್‌ನಲ್ಲಿ, ಮಿಕ್ಸರ್ ಹಾಲ್‌ನ ಇನ್ನೊಂದು ತುದಿಯ ಪ್ಲಗ್‌ನಲ್ಲಿ, ಎರಡಕ್ಕೂ ನಡುವೆ ನಿಮ್ಮ ಕೇಬಲ್. ಅಲ್ಲೊಂದು ಗ್ರೌಂಡ್ ಲೂಪ್ ಆಗುತ್ತೆ. ಡಿಐ ಬಾಕ್ಸ್ (ಗಿಟಾರ್ ಸಿಗ್ನಲ್‌ಅನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಪುಟ್ಟ ಪೆಟ್ಟಿಗೆ) ಬಳಸಿ, ಅದರಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತೆ, ಒತ್ತಿ ನೋಡಿ. ಉದ್ದ ಕೇಬಲ್‌ನ ಬೇರೆ ಶಬ್ದಗಳೂ ಡಿಐಯಿಂದ ಕಡಿಮೆಯಾಗುತ್ತೆ. ಲ್ಯಾಪ್‌ಟಾಪ್‌ಅನ್ನು ಯುಎಸ್‌ಬಿಯಲ್ಲಿ ಜೋಡಿಸಿ ಚಾರ್ಜರ್ ಹಾಕಿದ್ದರೆ ಚಾರ್ಜರ್ ತೆಗೆದು ನೋಡಿ, ಸುಮಾರು ಸಲ ಕಳ್ಳ ಅದೇ.

ಕೈ ಮುಗಿದು ಕೇಳುತ್ತೇನೆ, ಹಮ್ ಹೋಗಲಿ ಅಂತ ಯಾರೂ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಾಕಬೇಡಿ. ಚಪ್ಪರದ ಕಾರ್ಯಕ್ರಮ, ಒದ್ದೆ ನೆಲ, ಒಂದು ಕೈಯಲ್ಲಿ ಗಿಟಾರ್ ತಂತಿ, ತುಟಿಗೆ ಮೈಕ್. ಎಲ್ಲೋ ಒಂದು ಕಡೆ ಲೀಕ್ ಇದ್ದರೆ 230 ವೋಲ್ಟ್ ಹೋಗೋದು ನಿಮ್ಮ ಮೈಯಿಂದಲೇ. ಸಂಘಟಕರು "ಏನೂ ಆಗಲ್ಲ, ಹೋದ ವರ್ಷವೂ ಹೀಗೇ ಮಾಡಿದ್ವಿ" ಅಂದರೂ ಕೇಳಬೇಡಿ. ಪುಟ್ಟ ಟೆಸ್ಟರ್ ಒಂದನ್ನು ಗಿಟಾರ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಮೈಕ್‌ಗೆ ಬಾಯಿ ಹಚ್ಚುವ ಮೊದಲು ಅದರ ಜಾಲರಿಗೆ ಮುಟ್ಟಿಸಿ ನೋಡಿ.

ಟೋನ್ ವಿಷಯಕ್ಕೆ ಬಂದರೆ, ನನ್ನ ಹತ್ತಿರ ಇರೋದು ಅಗ್ಗದ ಮಾಡೆಲರ್. ಅದರ ಕ್ಯಾಬ್‌ನಲ್ಲಿ ಹೈ ಕಟ್ ಇಲ್ಲ. ಸರಣಿಯ ಕೊನೆಗೆ ಒಂದು ಇಕ್ಯೂ ಬ್ಲಾಕ್ ಇಟ್ಟು ಅದೇ ಕೆಲಸ ಮಾಡಿಕೊಳ್ಳುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುವಾಗ ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಸಾಫ್ಟ್‌ವೇರ್ ಹಾಕುತ್ತೇನೆ, ಪೂರ್ತಿ ಉಚಿತ. ಅದರ ಕ್ಯಾಪ್ಚರ್‌ಗಳು (ಅಸಲಿ ಆಂಪ್‌ನ ನಕಲು ಫೈಲ್‌ಗಳು) ಎಷ್ಟೋ ಬರೀ ಆಂಪ್ ಹೆಡ್‌ನವು, ಕ್ಯಾಬ್ ಸೇರಿರುವುದಿಲ್ಲ. ಹಿಂದೆ ಐಆರ್ ಹಾಕದೆ ಕೇಳಿದರೆ ಯಾರಾದರೂ ಡಿಜಿಟಲ್ ಅಂದರೆ ಕೆಟ್ಟದ್ದು ಅನ್ನಲೇಬೇಕು.

ಕುಮಟಾ ಮಿಕ್ಸರ್

ಅರ್ಥ್ ಪಿನ್ ವಿಷಯ ಹೇಳಿದ್ದಕ್ಕೆ ನನ್ನ ನಮಸ್ಕಾರ. ಈ ಒಂದು ವಿಷಯಕ್ಕೆ ನಾನು ಎಷ್ಟು ಸಂಘಟಕರ ಜೊತೆ ಜಗಳ ಆಡಿದ್ದೇನೋ.

ಗ್ಯಾಪ್ ಬರೋದು ಪ್ರಿಸೆಟ್, ಅಂದರೆ ನೀವು ಹೇಳುವ ಪ್ಯಾಚ್ ಬದಲಾಯಿಸುವುದರಿಂದ. ಒಂದೇ ಪ್ರಿಸೆಟ್ ಒಳಗೆ ಸ್ನ್ಯಾಪ್‌ಶಾಟ್ ಮಾಡಿಕೊಳ್ಳಿ. ಬ್ಲಾಕ್ ಆನ್ ಆಫ್, ನಾಬ್ ಬೆಲೆ ಎಲ್ಲ ಬದಲಾಗುತ್ತೆ, ಸೌಂಡ್ ಕಡಿಯಲ್ಲ, ಡಿಲೇ ಬ್ಲಾಕ್‌ನಲ್ಲಿ ಟ್ರೇಲ್ಸ್ ಆನ್ ಇಟ್ಟರೆ ಡಿಲೇ ಬಾಲವೂ ಉಳಿಯುತ್ತೆ. ಲೀಡ್‌ಗೆ ರಿದಂಗಿಂತ 3 ಡೆಸಿಬೆಲ್ ಜಾಸ್ತಿ ಇದ್ದರೆ ಸಾಕು. ಅದನ್ನು ಆಂಪ್ ಆದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಡಿಸ್ಟಾರ್ಶನ್ ಜಾಸ್ತಿ ಆಗುತ್ತೆ ಹೊರತು ಜೋರು ಆಗಲ್ಲ. ಅದರ ಜೊತೆ 800 ಹರ್ಟ್ಸ್‌ನಿಂದ 1 ಕಿಲೋಹರ್ಟ್ಸ್ ನಡುವೆ ಒಂದು ಚೂರು ಏರಿಸಿ, ನಾನು ಫೇಡರ್ ಮುಟ್ಟೋ ಕೆಲಸವೇ ಇರಲ್ಲ.

ಲೆವೆಲ್ ಸಮ ಮಾಡುವಾಗ ಮೀಟರ್ ನೋಡಬೇಡಿ. ಕ್ಲೀನ್‌ನ ಪೀಕ್ ಎತ್ತರ, ಡಿಸ್ಟಾರ್ಶನ್ ಒತ್ತಿ ಹೋಗಿರುತ್ತೆ. ಮೀಟರ್‌ನಲ್ಲಿ ಎರಡೂ ಒಂದೇ ತೋರಿಸಿದರೂ ಕಿವಿಗೆ ಒಂದೇ ಅಲ್ಲ. ಮೊಬೈಲ್‌ನಲ್ಲಿ ಒಂದು ಡ್ರಮ್ ಲೂಪ್ ಜೋರಾಗಿ ಹಾಕಿ, ಅದರ ಮೇಲೆ ನುಡಿಸಿ ಕಿವಿಯಿಂದ ಹೊಂದಿಸಿ.

ಹಾಲ್ ಬದಲಾದಾಗ ಪ್ಯಾಚ್ ಮುಟ್ಟಬೇಡಿ. ಅದಕ್ಕೇ ಎಲ್ಲ ಪ್ಯಾಚ್‌ಗೂ ಒಟ್ಟಿಗೆ ತಾಗುವ ಗ್ಲೋಬಲ್ ಇಕ್ಯೂ ಇದೆ. ಆ ಹಾಲ್‌ಗೆ ಅಲ್ಲಿ ಸರಿ ಮಾಡಿ, ಮುಗಿದ ಮೇಲೆ ಆಫ್ ಮಾಡಿ ಮನೆಗೆ ಹೋಗಿ. ಇನ್ನೊಂದು, ಡಿಐಗೆ ಕೊಡುವಾಗ ಔಟ್‌ಪುಟ್ ಇನ್‌ಸ್ಟ್ರುಮೆಂಟ್ ಲೆವೆಲ್‌ನಲ್ಲಿ ಇರಲಿ, ಸೀದಾ ಮಿಕ್ಸರ್‌ನ ಲೈನ್ ಇನ್‌ಗೆ ಆದರೆ ಲೈನ್. ಲೈನ್ ಲೆವೆಲ್‌ಅನ್ನು ನನ್ನ ಮೈಕ್ ಇನ್‌ಪುಟ್‌ಗೆ ನುಗ್ಗಿಸಿ "ಟೋನ್ ಒಡೆಯುತ್ತಿದೆ ಅಣ್ಣ" ಅನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ.

ಕೋಡಿಬಾಗ ಸ್ಟ್ರಾಟ್ (ಕಾರವಾರ)

ಮಾಜಾಳಿ ಕಾರ್ಯಕ್ರಮ ಮುಗಿಯಿತು. ಏನು ಮಾಡಿದೆ ಅಂತ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಡ್ರೈವ್ 4.3, ಮುಂದೆ ಸ್ಕ್ರೀಮ್ 808. ಬಾಸ್ 4, ಮಿಡ್ 6.5, ಟ್ರೆಬಲ್ 5, ಪ್ರೆಸೆನ್ಸ್ 4. ಮೈಕ್ 57 ಇಟ್ಟುಕೊಂಡೇ ಅಂಚಿನ ಕಡೆ ಸರಿಸಿ 2.5 ಇಂಚು ದೂರ. ಲೋ ಕಟ್ 110, ಹೈ ಕಟ್ 7.2 ಕಿಲೋಹರ್ಟ್ಸ್. ಹೀಗಾಗಿ ಇಬ್ಬರ ಮಾತೂ ನಡೆಯಿತು. ಲೂಪರ್ ಹಾಕಿ ಕುರ್ಚಿಗಳ ನಡುವೆ ಹೋಗಿ ನಿಂತೆ. ಸ್ಟೇಜ್ ಮೇಲೆ ನನಗೆ ಮಂಕು ಅನ್ನಿಸಿದ್ದು ಅಲ್ಲಿ ಸರಿಯಾಗೇ ಇತ್ತು. ಸ್ಟೇಜಿನಲ್ಲಿ ನಾನು ಬಾಕ್ಸ್‌ನ ಹಿಂದೆ ನಿಲ್ಲುತ್ತೇನೆ, ಹಾರ್ನ್‌ನ ಟ್ರೆಬಲ್ ಹಿಂದಕ್ಕೆ ಬರಲ್ಲ ಅನ್ನೋದು ಆಗ ಹೊಳೆಯಿತು. ಕೀಬೋರ್ಡ್‌ನವನು ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದರೆ ಅದೇ ಹೊಗಳಿಕೆ.

ಹಮ್ ಸೀರಿಯಲ್ ಸೆಟ್‌ದೇ. ಮಂಟಪದ ಲೈಟ್ ಆಫ್ ಮಾಡಿದಾಗ ನಿಂತಿತು. ಮದುವೆ ಮನೆಯಲ್ಲಿ ಲೈಟ್ ಆರಿಸಿ ಅನ್ನೋಕೆ ಆಗುತ್ತಾ? 4ನೇ ಪೊಸಿಶನ್‌ನಲ್ಲಿ ಸಂಭಾಳಿಸಿದೆ.

ಕೊನೇ ಪ್ರಶ್ನೆ. ಮುಂದಿನ ತಿಂಗಳು ಅಂಕೋಲಾದಲ್ಲಿ ಗೆಳೆಯನ ಬ್ಯಾಂಡ್ ಜೊತೆ ನುಡಿಸಬೇಕು. ಅವನ ಹತ್ತಿರ ಮಾರ್ಷಲ್ ಕಾಂಬೋ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ಇದೆ, ಹಿಂದೆ ಎಫೆಕ್ಟ್ ಲೂಪ್ (ಸೆಂಡ್, ರಿಟರ್ನ್ ಜ್ಯಾಕ್) ಇದೆ. ಸ್ಟಾಂಪ್‌ಅನ್ನು ಅದಕ್ಕೂ ಹಾಕಬೇಕು, ಪಿಎಗೂ ಕಳಿಸಬೇಕು. ಆಗುತ್ತಾ?

ಶಿರಸಿ ವಾಲ್ವ್

ಆಗುತ್ತೆ. ಕಾಂಬೋದ ಮುಂದಿನ ಇನ್‌ಪುಟ್‌ಗೆ ಹಾಕಬೇಡ, ಆಂಪ್ ಮೇಲೆ ಆಂಪ್ ಆಗುತ್ತೆ. ಹಿಂದಿನ ರಿಟರ್ನ್‌ಗೆ ಹಾಕು. ಅಲ್ಲಿ ಅಸಲಿ ಗಿಟಾರ್ ಸ್ಪೀಕರ್ ಇದೆಯಲ್ಲ, ಅದಕ್ಕೆ ಕ್ಯಾಬ್ ಬ್ಲಾಕ್ ಇಲ್ಲದ ಸಿಗ್ನಲ್ ಹೋಗಬೇಕು. ಸ್ಪೀಕರ್ ಮೇಲೆ ಸ್ಪೀಕರ್ ಆದರೆ ಕಂಬಳಿ ಹೊದೆಸಿದಂತೆ ಕೇಳುತ್ತೆ. ಸರಣಿಯಲ್ಲಿ ಕ್ಯಾಬ್‌ನ ಮುಂಚೆ ಒಂದು ಸೆಂಡ್ ಬ್ಲಾಕ್ ಇಡು, ಆ ಸೆಂಡ್ ಜ್ಯಾಕ್‌ನಿಂದ ಕಾಂಬೋದ ರಿಟರ್ನ್‌ಗೆ ಕೇಬಲ್. ಮೇನ್ ಔಟ್‌ನಿಂದ ಕ್ಯಾಬ್ ಇರುವ ಸಿಗ್ನಲ್ ಪಿಎಗೆ. ಡಿಲೇ ಎರಡೂ ಕಡೆ ಬೇಕಾದರೆ ಅದನ್ನು ಸೆಂಡ್‌ಗಿಂತ ಮೊದಲು ಇಡಬೇಕು.

ರಿಟರ್ನ್‌ಗೆ ಹಾಕಿದ ಮೇಲೆ ಕಾಂಬೋದ ಗೇನ್, ಬಾಸ್, ಟ್ರೆಬಲ್ ನಾಬ್‌ಗಳು ಕೆಲಸ ಮಾಡಲ್ಲ. ಮಾಸ್ಟರ್ ಕೆಲಸ ಮಾಡೋದು ಆ ಆಂಪ್‌ನ ಸರ್ಕ್ಯೂಟ್ ಮೇಲೆ. ಕೆಲವದರಲ್ಲಿ ಅದು ಲೂಪ್‌ಗಿಂತ ಮೊದಲೇ ಇರುತ್ತೆ, ಆಗ ರಿಟರ್ನ್‌ಗೆ ಬಂದದ್ದು ಪೂರ್ತಿ ಸೌಂಡಿನಲ್ಲಿ ಹೊರಗೆ ಹೋಗುತ್ತೆ. ಅದಕ್ಕೆ ಸೆಂಡ್ ಲೆವೆಲ್ ಪೂರ್ತಿ ಕೆಳಗೆ ಇಟ್ಟು ಕಾಂಬೋ ಆನ್ ಮಾಡು, ಆಮೇಲೆ ನಿಧಾನಕ್ಕೆ ಏರಿಸು.

ಕುಮಟಾ ಮಿಕ್ಸರ್

ಕಾಂಬೋವನ್ನು ಜನರ ಕಡೆ ತಿರುಗಿಸಬೇಡಿ, ನಿಮ್ಮ ಕಡೆ ತಿರುಗಿಸಿ ಸ್ವಲ್ಪ ಮೇಲಕ್ಕೆ ಓರೆ ಇಡಿ. ಅಂಕೋಲಾದಲ್ಲಿ ಮಿಕ್ಸರ್ ಹತ್ತಿರ ಯಾರೇ ಕೂತಿರಲಿ, ಸೌಂಡ್ ಚೆಕ್‌ನಲ್ಲೇ ಅವರಿಗೆ ಹೇಳಿಬಿಡಿ: ಪಿಎ ಲೈನ್‌ನಲ್ಲಿ ಕ್ಯಾಬ್ ಇದೆ, ಕಾಂಬೋಗೆ ಮೈಕ್ ಬೇಡ ಅಂತ.